ಈಜು ಬಾರದವರು

ಮಾರ್ಚ್ 3

ತಮ್ಮಾ,

ಫೋನಿನಲ್ಲಿ ಶುರುವಾದ ಜಗಳವನ್ನು ಕಾಗದದಲ್ಲಿ ಮುಂದುವರಿಸುವ ಶಕ್ತಿ ನನಗಿಲ್ಲ. ಆದರೆ ಫೋನಿನಲ್ಲಿ ನನ್ನ ಮಾತು ಮುಗಿಯುವ ತನಕ ನೀನು ಕಾಯುವುದಿಲ್ಲ, ನಿನ್ನ ಮಾತನ್ನು ನಾನು ಶುರುವಾಗುವುದಕ್ಕೇ ಬಿಡುವುದಿಲ್ಲ. ಕಾಗದವಾದರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಕೇಳಬೇಕಾಗುತ್ತದೆ. ಇನ್ನು ಮೇಲೆ ಹೀಗೇ ಇರಲಿ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಶಾಲೆಗೆ ಹೋಗುತ್ತಾಳೆ, ಸಂಜೆ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಚ್ಚಿಕೊಡುತ್ತಾಳೆ. ಅವಳ ಅಮ್ಮ ಹೋದ ಮೇಲೆ ಅವಳನ್ನು ನನ್ನ ಹತ್ತಿರ ಬಿಡುವಾಗ ನೀನು 'ಸ್ವಲ್ಪ ದಿನ, ಅಕ್ಕಾ' ಅಂದಿದ್ದೆ. ಆಗ ಹೊಲಿದುಕೊಟ್ಟ ಶಾಲೆಯ ಬಟ್ಟೆಯನ್ನು ಎರಡು ಸಲ ಬಿಚ್ಚಿ ಉದ್ದ ಮಾಡಿದ್ದೇನೆ. ಇನ್ನು ಮಡಿಕೆಯಲ್ಲಿ ಬಟ್ಟೆ ಉಳಿದಿಲ್ಲ.

ಅಪ್ಪನಿಗೆ ಯಾಕೆ ಕಾಗದ ಬರೆಯುವುದಿಲ್ಲ ಎಂದು ನೀನು ಹೇಳಿದ ಹಾಗೆ ಕೇಳಿದೆ. 'ಬರೆದ್ರೆ ತಿದ್ದಿ ವಾಪಸ್ ಕಳಿಸ್ತಾರೆ ಅತ್ತೆ' ಅಂದಳು. ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಅದರ ಬಗ್ಗೆ ಇವತ್ತು ಬೇಡ.

ಈಗ ಕೆಲಸದ ಮಾತು. ಊರಿನ ಸಮಿತಿಯವರು ಯುವಕರ ಭವನದ ಬೀಗದ ಕೈಯನ್ನು ನನಗೆ ಅಂಟಿಸಿದ್ದು ನಿನಗೆ ಗೊತ್ತಲ್ಲ. ಮಕ್ಕಳಿಲ್ಲ, ಸಂಜೆ ಬಿಡುವಾಗಿರುತ್ತಾಳೆ ಅನ್ನುವ ಲೆಕ್ಕ. ಭವನ ಅನ್ನುವಾಗಲೇ ನಗು ಬರುತ್ತದೆ: ತಗಡಿನ ಸೂರು, ಎರಡು ಬೆಂಚು, ಕಾಯಿ ಕಳೆದುಹೋದ ಒಂದು ಕೇರಂ ಬೋರ್ಡು. ಹುಡುಗರು ಅಲ್ಲಿಗೆ ಬರುವುದಿಲ್ಲ, ಹಳೇ ಕ್ವಾರಿಗೆ ಹೋಗುತ್ತಾರೆ. ಕಲ್ಲು ತೆಗೆದುಬಿಟ್ಟ ಹಳ್ಳದಲ್ಲಿ ನೀರು ನಿಂತಿದೆ. ಬಿಸಿಲು ಏರಿದರೆ ಅದೇ ಅವರ ಆಟದ ಮೈದಾನ. ಹೋದ ಬೇಸಿಗೆಯಲ್ಲಿ ಪಕ್ಕದೂರಿನ ಹುಡುಗ ಒಬ್ಬ ಹಾರಿದವನು ಮೇಲೆ ಬರಲಿಲ್ಲ. ಅದಕ್ಕೇ ಈ ಸಲ ಅಲ್ಲೊಂದು ಬೋರ್ಡು ಹಾಕಬೇಕೆಂದು ತೀರ್ಮಾನವಾಗಿದೆ. ಅಧ್ಯಕ್ಷರು ತಾವೇ ಕೂತು ಬರೆದ ವಾಕ್ಯ ಇದು:

'ಎಚ್ಚರಿಕೆ! ಎಚ್ಚರಿಕೆ!! ಈ ಕ್ವಾರಿಯ ನೀರು ಬಹಳ ಆಳವಾಗಿದ್ದು ಈಜು ಬರುವವರಾಗಲಿ ಬಾರದವರಾಗಲಿ ಯಾರೂ ಸಹ ಇಳಿಯಬಾರದಾಗಿ ಸಮಸ್ತ ಯುವಜನರಲ್ಲಿ ಈ ಮೂಲಕ ಸವಿನಯ ಪ್ರಾರ್ಥನೆ.'

ಬೋರ್ಡು ಬರೆಯುವವನು ಓದಿ, 'ಅಕ್ಕಾರೇ, ನನ್ನ ಹತ್ರ ಇರೋದು ತಗಡು. ಇದಕ್ಕೆ ಗೋಡೆ ಬೇಕು' ಅಂದ. ನೀನು ದಿನಾ ಇದೇ ಕೆಲಸ ಮಾಡುವವನು. ಚಿಕ್ಕದು ಮಾಡಿ ಕಳಿಸು.

ಬೆನ್ನು ನೋವಿನ
ನಿನ್ನ ಅಕ್ಕ


ಮಾರ್ಚ್ 12

ಅಕ್ಕಾ,

ನಿಮ್ಮ ಅಧ್ಯಕ್ಷರ ವಾಕ್ಯವನ್ನು ಮುದ್ರಣಾಲಯದಲ್ಲಿ ಎಲ್ಲರಿಗೂ ಓದಿ ತೋರಿಸಿದೆ. ತುಂಬ ದಿನಗಳ ಮೇಲೆ ಇಲ್ಲಿ ಯಾರೋ ನಕ್ಕರು.

ನಾನು ಈಗ ತಿದ್ದುತ್ತಿರುವುದು ಔಷಧಿ ಡಬ್ಬಿಯೊಳಗೆ ಮಡಿಸಿಟ್ಟಿರುತ್ತಾರಲ್ಲ, ಆ ಚೀಟಿಗಳನ್ನು. ಇರುವೆ ಗಾತ್ರದ ಅಕ್ಷರ. 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ. ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ. ಎಚ್ಚರಿಕೆ ಉದ್ದವಾದರೆ ಯಾರೂ ಓದುವುದಿಲ್ಲ.

ಆದ್ದರಿಂದ 'ಎಚ್ಚರಿಕೆ' ಬೇಡ, ಎರಡು ಸಲವಂತೂ ಬೇಡ. ಆಳ ಎಂಬುದು ನೀರು ನೋಡಿದರೆ ತಿಳಿಯುತ್ತದೆ. ಸವಿನಯವೂ ಬೇಡ, ಪ್ರಾರ್ಥನೆಯೂ ಬೇಡ. ಈಜು ಬರುವವರು ತಮ್ಮ ಜೀವ ತಾವು ನೋಡಿಕೊಳ್ಳುತ್ತಾರೆ, ಅವರಿಗಾಗಿ ಜಾಗ ಹಾಳು ಮಾಡಬೇಕಿಲ್ಲ. ಉಳಿಯುವುದು ಇಷ್ಟು:

'ಈಜು ಬಾರದವರು ನೀರಿಗೆ ಇಳಿಯಬಾರದು.'

'ಬಾರದ', 'ಬಾರದು' ಎಂದು ಎರಡು ಸಲ ಬರುವುದರಿಂದ ಕಿವಿಯಲ್ಲಿ ನಿಲ್ಲುತ್ತದೆ. ದೊಡ್ಡ ಅಕ್ಷರದಲ್ಲಿ ಬರೆಯಲು ಹೇಳು.

ಕಾಗದ ತಿದ್ದಿದ ವಿಷಯ. ತಪ್ಪಿತ್ತು, ತಿದ್ದಿದೆ. ಅವಳ ವಯಸ್ಸಿಗೆ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ಗೊತ್ತಿರಬೇಕು. ನಾಳೆ ಯಾರೋ ಹೊರಗಿನವರು ನೋಡಿ ನಗುವುದಕ್ಕಿಂತ ಅಪ್ಪ ತಿದ್ದುವುದು ವಾಸಿ. ಅದಕ್ಕೆ ಬರೆಯುವುದನ್ನೇ ನಿಲ್ಲಿಸುವುದೆಂದರೆ ಏನು?

ಮುಂದಿನ ತಿಂಗಳು ಬರಲು ಆಗುವುದಿಲ್ಲ. ಶಾಲೆಯ ಪುಸ್ತಕಗಳು ಅಚ್ಚಿಗೆ ಬರುತ್ತವೆ, ರಜೆ ಕೇಳುವ ಹಾಗಿಲ್ಲ. ಇರುವ ಕೋಣೆಯಲ್ಲಿ ಇನ್ನೂ ಮೂವರಿದ್ದೇವೆ, ಅವಳನ್ನು ಕರೆಸಿಕೊಳ್ಳುವ ಹಾಗೂ ಇಲ್ಲ. ಅವಳಿಗೆ ಹೇಳು.

ತಮ್ಮ


ಏಪ್ರಿಲ್ 20

ತಮ್ಮಾ,

ಬರಲು ಆಗುವುದಿಲ್ಲ ಅನ್ನುವುದನ್ನು ನೀನೇ ಅವಳಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ.

ಬೋರ್ಡು ಎದ್ದು ನಿಂತಿದೆ. ಹಳದಿಯ ಮೇಲೆ ಕಪ್ಪು ಅಕ್ಷರ, ದಾರಿಯಿಂದಲೇ ಕಾಣುತ್ತದೆ. ಕಿವಿಯಲ್ಲಿ ನಿಲ್ಲುತ್ತದೆ ಅಂದಿದ್ದೆಯಲ್ಲ, ನಿಂತಿದೆ. ಹೇಗೆ ನಿಂತಿದೆ ಕೇಳು.

ಮೊದಲು ಭವನದ ಕಥೆ. ಯುವಜನರಿಗೆ ಚಟುವಟಿಕೆ ಬೇಕು ಅಂತ ಸಮಿತಿಯವರು ವಾಲಿಬಾಲ್ ನೆಟ್ಟು ಕೊಡಿಸಿದರು. ಆಡಲು ಬಂದವರು ಮೂವರು, ಅದರಲ್ಲಿ ಒಬ್ಬ ನೆರಳಿಗೆ ಬಂದವನು. ಆಸ್ಪತ್ರೆಯ ನರ್ಸಮ್ಮ ಒಂದು ಸಂಜೆ ಬಂದು ಸುರಕ್ಷತೆಯ ಪಾಠ ಮಾಡಿದರು. ಹಾವು ಕಚ್ಚಿದರೆ ಏನು ಮಾಡಬೇಕು, ಕರೆಂಟು ಹೊಡೆದರೆ ಏನು ಮಾಡಬಾರದು, ಯಾರಾದರೂ ಮುಳುಗುತ್ತಿದ್ದರೆ ಹೇಗೆ. 'ನೀವು ಹಾರಬೇಡಿ. ಹಾರಿದ್ರೆ ಎರಡು ಹೆಣ. ಹಗ್ಗವೋ ಕೋಲೋ ಬಟ್ಟೆಯೋ, ಕೈಗೆ ಸಿಕ್ಕಿದ್ದನ್ನ ಎಸೀರಿ' ಅಂತ ಪಾಪ ಗಂಟಲು ಒಣಗಿಸಿಕೊಂಡರು. ಹಿಂದಿನ ಬೆಂಚಿನವರು ಮೊಬೈಲಿನಲ್ಲಿ ತಲೆ ಹುದುಗಿಸಿದ್ದರು. ನಿನ್ನ ಮಗಳು ನನ್ನ ಪಕ್ಕ ಗುಂಡಿ ಹಚ್ಚುತ್ತ ಕೂತಿದ್ದಳು. ಕೇಳಿದಳೋ ಇಲ್ಲವೋ ಗೊತ್ತಿಲ್ಲ.

ಇತ್ತ ಕ್ವಾರಿಯಲ್ಲಿ ನಿನ್ನ ಬೋರ್ಡಿನ ಕೆಳಗೆ ದಿನಾ ಜಾತ್ರೆಯಂಥ ಜನ. ಇವರು ಓದಿದ್ದಾರೆ, ಚೆನ್ನಾಗಿಯೇ ಓದಿದ್ದಾರೆ. ಈಜು ಬಾರದವರು ಇಳಿಯಬಾರದು. ಅಂದರೆ ಇಳಿಯದವನು ಈಜು ಬಾರದವನು! ದಡದಲ್ಲಿ ನಿಂತರೆ ಮುಗಿಯಿತು, 'ಬಾರದವ, ಬಾರದವ' ಅಂತ ಕೂಗಿ ಕೂಗಿ ನೀರಿಗೆ ಇಳಿಸುತ್ತಾರೆ. ಮೊನ್ನೆ ಅಂಗಡಿಯ ಮುಂದೆ ಪುಟ್ಟ ಹುಡುಗಿಯೊಬ್ಬಳು ತನ್ನ ತಮ್ಮನಿಗೆ 'ಥೂ ಬಾರದವನೇ' ಅಂದಳು. ಊರಿಗೆ ಹೊಸ ಬೈಗುಳ ಕೊಟ್ಟಿದ್ದೀಯ.

ಇದಕ್ಕೆಲ್ಲ ಮುಂದಾಳು ಬೇಕರಿಯವನ ದೊಡ್ಡ ಮಗ. ಜಿರಾಫೆ ಅಂತ ಕರೆಯುತ್ತಾರೆ, ಅಷ್ಟು ಉದ್ದ. ಕರೆದು ಬೈದೆ. ಅವನು ಬೋರ್ಡು ತೋರಿಸಿ, 'ಅಕ್ಕಾ, ನನಗೆ ಈಜು ಬರುತ್ತೆ. ನನ್ನ ಹೆಸರು ಅದ್ರಲ್ಲಿ ಎಲ್ಲಿದೆ ಹೇಳಿ' ಅಂದ. ಅವನಿಗೆ ಕೊಡುವ ಉತ್ತರ ನಿನಗೆ ಹೊಳೆದರೆ ಬರೆ.

ಅಧ್ಯಕ್ಷರ ಹತ್ತಿರ ಹೋದೆ. 'ನಾನು ಬರೆದಿದ್ದೇ ಸರಿ ಇತ್ತು, ನಿಮ್ಮ ತಮ್ಮ ಪಂಡಿತರು ತಿದ್ದಿದ್ರು' ಅಂದರು. ಹೊಸ ಬೋರ್ಡಿಗೆ ಮುಂದಿನ ವರ್ಷವಂತೆ. ಭವನಕ್ಕೆ ಅವರು ಬರುವುದಿಲ್ಲವಾದರೆ ಭವನವೇ ಅಲ್ಲಿಗೆ ಹೋಗಲಿ ಅಂತ ವಾಲಿಬಾಲ್ ನೆಟ್ಟನ್ನು ಹೊತ್ತುಕೊಂಡು ಹೋಗಿ ಕ್ವಾರಿಯ ದಡದಲ್ಲೇ ಕಟ್ಟಿಸಿದ್ದೇನೆ. ನೀರಿನಲ್ಲಿರುವವರಲ್ಲಿ ನಾಲ್ಕು ಜನ ನೆಲಕ್ಕೆ ಬಂದರೂ ಸಾಕು. ಸಂಜೆ ಹೊಲಿಗೆ ಬಿಟ್ಟು ಅಲ್ಲಿ ಕಾವಲು ಕೂರುತ್ತೇನೆ. ದಿನಾ ಆಗುವುದಿಲ್ಲ, ಗಿರಾಕಿಗಳು ಬಾಗಿಲಲ್ಲಿ ನಿಂತಿರುತ್ತಾರೆ.

ಈಗ ಇನ್ನೊಂದು ಮಾತು, ಜಗಳವಾದರೆ ಆಗಲಿ. ನಿನ್ನ ಮಗಳೂ ಅಲ್ಲಿಗೆ ಹೋಗಲು ಶುರು ಮಾಡಿದ್ದಾಳೆ. ಅವಳಿಗೆ ಈಜು ಬರುವುದಿಲ್ಲ ಅಂತ ನಿನಗೂ ಗೊತ್ತು ನನಗೂ ಗೊತ್ತು, ಅವರಿಗೆ ಗೊತ್ತಿಲ್ಲ. ಬೇಡ ಅಂದೆ. 'ನಾನೊಬ್ಳೇ ಮನೇಲಿದ್ರೆ ಎಲ್ರಿಗೂ ಗೊತ್ತಾಗುತ್ತೆ ಅತ್ತೆ' ಅಂದಳು.

ಆ ಕಾಗದ ನೋಡಿದೆ. ನವೆಂಬರಿನದು. 'ನಾನು ನಿಮಗೆ ಬಾರವಾ ಅಪ್ಪ' ಅಂತ ಬರೆದಿದ್ದಾಳೆ. ನೀನು ಬ ಅಕ್ಷರದ ಹೊಟ್ಟೆ ಸೀಳಿ ಭ ಮಾಡಿದ್ದೀಯ, ಪಕ್ಕದಲ್ಲಿ 'ಮಹಾಪ್ರಾಣ ಗಮನಿಸು' ಅಂತ ಬರೆದಿದ್ದೀಯ. ಬೇರೇನೂ ಬರೆದಿಲ್ಲ. ಕಾಗದದ ಹಿಂದೆಯೂ ತಿರುಗಿಸಿ ನೋಡಿದೆ.

ಅಕ್ಕ


ಏಪ್ರಿಲ್ 29

ಅಕ್ಕಾ,

ಅವಳನ್ನು ಅಲ್ಲಿಗೆ ಕಳಿಸಬೇಡ. ಕಾಲು ಹಿಡಿದುಕೊಳ್ಳುತ್ತೇನೆ.

ಬೋರ್ಡಿಗೆ ಬೇರೆ ಮಾತು ಯೋಚಿಸುತ್ತಿದ್ದೇನೆ. 'ಬಾರದವರು' ಎಂಬುದರ ಮೇಲೆ 'ಬರುವವರೂ' ಎಂದು ಸೇರಿಸಿದರೆ ಹೊಂದುವುದಿಲ್ಲ. 'ಯಾರೂ ಇಳಿಯಬಾರದು' ಎಂದರೆ ಯಾರೂ ಎಂಬುದು ತಾನಲ್ಲ ಎಂದುಕೊಳ್ಳುತ್ತಾರೆ. ಅಪಾಯ ಎಂದರೆ ಇನ್ನೂ ಹುಮ್ಮಸ್ಸು. ಜಿರಾಫೆಗೆ ಕೊಡುವ ಉತ್ತರ ನನಗೂ ಹೊಳೆದಿಲ್ಲ. ಸದ್ಯಕ್ಕೆ ಅದನ್ನು ಕೀಳಿಸಿಬಿಡು. ಖರ್ಚು ನಾನು ಕೊಡುತ್ತೇನೆ ಎಂದು ಅಧ್ಯಕ್ಷರಿಗೆ ಹೇಳು.

ಅವಳಿಗೆ ಬರೆಯಲು ಕೂತೆ. ನಾನು ಬರೆದದ್ದನ್ನು ನಾನೇ ತಿದ್ದುತ್ತ ಹೋಗಿ ಕೊನೆಗೆ ಏನೂ ಉಳಿಯಲಿಲ್ಲ. ಇದನ್ನು ಅವಳಿಗೆ ಹೇಳಬೇಡ.

ಈ ವಾರ ಒಂದು ಔಷಧಿ ಚೀಟಿಯಲ್ಲಿ ತಪ್ಪು ಬಿಟ್ಟೆ. ಮೇಲಿನವರು ಕರೆದು ಕೇಳಿದರು. ಕಣ್ಣು ಸೋತಿದೆ ಎಂದೆ.

ತಮ್ಮ


ಮೇ 17

ತಮ್ಮಾ,

ಮೊದಲು ಇದನ್ನು ಓದಿಕೋ: ನಿನ್ನ ಮಗಳು ಮನೆಯಲ್ಲಿದ್ದಾಳೆ, ನನ್ನ ಎದುರಿಗೇ ಮಲಗಿದ್ದಾಳೆ, ಏನೂ ಆಗಿಲ್ಲ. ಇನ್ನು ಉಳಿದದ್ದನ್ನು ನಿಧಾನವಾಗಿ ಓದು.

ಬೋರ್ಡು ಕೀಳಲು ಸಮಿತಿ ಒಪ್ಪಲಿಲ್ಲ. 'ಹಾಕಿದ್ದನ್ನ ಕಿತ್ರೆ ನಾಳೆ ಏನಾದ್ರೂ ಆದಾಗ ಜವಾಬ್ದಾರಿ ಯಾರದು?' ಎಂದು ಕೇಳಿದರು. ನಾನು ಎದ್ದು ಬಂದೆ. ಇತ್ತೀಚೆಗೆ ಬೇಗ ಎದ್ದು ಬರುತ್ತೇನೆ.

ಹೋದ ಶನಿವಾರ ಸಂಜೆ ನಾನು ಹೊಲಿಗೆ ಯಂತ್ರದ ಮುಂದೆಯೇ ಇದ್ದೆ. ಕ್ವಾರಿಯಲ್ಲಿ ಸರದಿ ಕಟ್ಟಿ ಹಾರುತ್ತಿದ್ದರಂತೆ. ನಿನ್ನ ಮಗಳ ಸರದಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿಕೊಂಡು 'ಬಾರದವಳು, ಬಾರದವಳು' ಶುರು ಮಾಡಿದರು. ಅವಳು ಬಂಡೆಯ ಅಂಚಿನ ತನಕ ಹೋದಳಂತೆ. ಚಪ್ಪಲಿಯನ್ನೂ ಬಿಚ್ಚಿದ್ದಳಂತೆ. ತಮ್ಮಾ, ಆ ಚಪ್ಪಲಿಯ ಮಾತು ಕೇಳಿದಾಗಿನಿಂದ ಹೊಲಿಗೆ ಯಂತ್ರ ಮುಚ್ಚಿಟ್ಟಿದ್ದೇನೆ.

ಆಮೇಲೆ ತಿರುಗಿ ನಿಂತು, 'ಹೌದು, ನಂಗೆ ಬರಲ್ಲ' ಅಂದಳಂತೆ. 'ಈಜೋಕೆ ಬರಲ್ಲ. ಓದೋಕೆ ಬರುತ್ತೆ. ಅಲ್ಲಿ ಬರೆದಿದೆಯಲ್ಲ, ಇಳೀಬಾರ್ದು ಅಂತ. ಇಳಿಯಲ್ಲ.' ಹೇಳಿ ಬೋರ್ಡಿನ ಕೆಳಗೆ ಹೋಗಿ ಕೂತಳಂತೆ. ಎಲ್ಲರೂ ನಕ್ಕರಂತೆ. ಇನ್ನೂ ಒಬ್ಬಳು ಹುಡುಗಿ ನಗುತ್ತ ನಗುತ್ತಲೇ ಬಂದು ಇವಳ ಪಕ್ಕ ಕೂತು, 'ನಂಗೂ ಬರಲ್ಲ ಕಣೇ, ಹೋದ ವಾರ ಸುಮ್ನೆ ಸೊಂಟದ ತನಕ ಇಳಿದು ತಲೆ ಒದ್ದೆ ಮಾಡ್ಕೊಂಡು ಬಂದೆ' ಅಂದಳಂತೆ.

ಇವರಿಬ್ಬರನ್ನು ಅಣಕಿಸಲು ಜಿರಾಫೆ ಮೇಲಿನ ಬಂಡೆ ಹತ್ತಿದ. ಅಲ್ಲಿಂದ ಇದುವರೆಗೆ ಯಾರೂ ಹಾರಿರಲಿಲ್ಲ. 'ನೋಡ್ರೋ, ಬರೋರು ಹಿಂಗೆ ಹಾರೋದು' ಅಂತ ಹಾರಿದ. ಅವನಿಗೆ ನಿಜವಾಗಿಯೂ ಚೆನ್ನಾಗಿ ಈಜು ಬರುತ್ತದೆ. ಆದರೆ ಮೇಲಿನ ನೀರು ಬೆಚ್ಚಗಿದ್ದರೂ ಕೆಳಗಿನದು ಕೊರೆಯುತ್ತದಂತೆ. ಕಾಲು ಸೆಟೆದುಕೊಂಡಿತು. ಒಂದು ಸಲ ಮೇಲೆ ಬಂದು ಕೈ ಬಡಿದ, ಮುಳುಗಿದ. ಎಲ್ಲರೂ ನಾಟಕ ಅಂದುಕೊಂಡರು. ಮತ್ತೆ ಬಂದ, ಬಾಯಿ ತೆರೆದಿತ್ತು, ಕೂಗು ಇರಲಿಲ್ಲ.

ಅವನ ತಮ್ಮ ಹಾರಲು ಹೋದ. ನಿನ್ನ ಮಗಳು ಅವನ ಅಂಗಿಯನ್ನು ಹಿಂದಿನಿಂದ ಹಿಡಿದು ನೆಲಕ್ಕೆ ಕೆಡವಿದಳು. 'ಹಾರಬೇಡ, ಎಸೀಬೇಕು! ಎಸೀಬೇಕು!' ಅಂತ ಕಿರುಚಿದಳಂತೆ. ಹಗ್ಗವಿಲ್ಲ, ಕೋಲಿಲ್ಲ. ಇದ್ದದ್ದು ನೆಟ್ಟು. ನಾನು ಕಟ್ಟಿಸಿದ ಗಂಟು ನೋಡು, ಬಿಚ್ಚಲು ಬರಲಿಲ್ಲ. ಕಂಬ ಸಮೇತ ಕಿತ್ತರು. ಒಂದು ತುದಿ ಎಲ್ಲರೂ ಹಿಡಿದುಕೊಂಡು ಇನ್ನೊಂದು ತುದಿ ಎಸೆದರು. ಮೊದಲ ಸಲ ತಲುಪಲಿಲ್ಲ. ಎರಡನೆಯ ಸಲ ಅವನ ಮೇಲೇ ಬಿತ್ತು, ಅವನಿಗೆ ತಿಳಿಯಲಿಲ್ಲ. ಮತ್ತೆ ಎಸೆದಾಗ ಕೈಬೆರಳು ಬಲೆಯಲ್ಲಿ ಸಿಕ್ಕಿಕೊಂಡಿತು. ಹಿಡಿದದ್ದಲ್ಲ, ಸಿಕ್ಕಿಕೊಂಡದ್ದು. ಮೀನು ಎಳೆದ ಹಾಗೆ ಎಳೆದರು.

ಎರಡು ದಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾನೆ. ಅವರಪ್ಪ ಬ್ರೆಡ್ಡು ತಂದು ನಮ್ಮ ಬಾಗಿಲಲ್ಲಿಟ್ಟು ಹೋದ. ದಿನಾ ಇಡುತ್ತಿದ್ದಾನೆ. ಬೇಡ ಅಂದರೆ ಅಳುತ್ತಾನೆ. ಬ್ರೆಡ್ಡು ತಿಂದು ತಿಂದು ಸಾಕಾಗಿದೆ.

ಇವಳ ಅಂಗೈಯ ಚರ್ಮ ನೆಟ್ಟಿನ ದಾರಕ್ಕೆ ಸುಲಿದಿದೆ. ಗುಂಡಿ ಹಚ್ಚಲು ಆಗುವುದಿಲ್ಲ. ಮರುದಿನ ನಾನು ತಲೆ ಬಾಚುವಾಗ, 'ಬರಲ್ಲ ಅಂತ ಹೇಳೋದಕ್ಕೇ ಜಾಸ್ತಿ ಹೆದರಿಕೆ ಆಯ್ತು ಅತ್ತೆ. ನೆಟ್ಟು ಎಸೆಯುವಾಗ ಏನೂ ಆಗ್ಲಿಲ್ಲ' ಅಂದಳು. ನಿನ್ನ ಹೆಸರು ಎತ್ತಲಿಲ್ಲ. ನೀನು ಬರುತ್ತೀಯಾ ಎಂದು ಕೇಳಲೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನನಗೆ ಸಾಕಾಗಿದೆ ತಮ್ಮಾ. ಬೀಗದ ಕೈ ವಾಪಸ್ ಕೊಡಬೇಕೆಂದಿದ್ದೇನೆ. ಎಲ್ಲರ ಮಕ್ಕಳನ್ನೂ ಕಾಯಲು ನನ್ನಿಂದ ಆಗುವುದಿಲ್ಲ. ನಿನ್ನ ಮಗಳನ್ನು ಕಾಯುತ್ತೇನೆ, ಅದು ಬೇರೆ. ಆದರೆ ಅವಳು ಕಾಯುತ್ತಿರುವುದು ನನ್ನನ್ನಲ್ಲ.

ಅಕ್ಕ


ಜೂನ್ 8

ಅಪ್ಪ,

ಕೈ ವಾಸಿಯಾಗಿದೆ. ನೀವು ಕಳಿಸಿದ ಮುಲಾಮು ಬರುವ ಹೊತ್ತಿಗೆ ಗಾಯ ಒಣಗಿತ್ತು, ಆದರೂ ಹಚ್ಚಿಕೊಂಡೆ. ಅದರ ಡಬ್ಬಿಯೊಳಗಿನ ಚೀಟಿ ಓದಿದೆ. ನೀವು ತಿದ್ದಿದ್ದಾ? ಒಂದೂ ತಪ್ಪಿರಲಿಲ್ಲ.

ಅತ್ತೆ ಬೀಗದ ಕೈ ಕೊಡಲು ಹೋಗಿ ವಾಪಸ್ ತಂದರು. ತೆಗೆದುಕೊಳ್ಳುವವರು ಯಾರೂ ಇರಲಿಲ್ಲವಂತೆ. ಈಗ ಭವನಕ್ಕೆ ನಾವು ಏಳೆಂಟು ಜನ ಹೋಗುತ್ತೇವೆ. ಹೋಗಿ ಮಾಡುವುದೇನೂ ಇಲ್ಲ. ಕೇರಂ ಕಾಯಿಗಳ ಬದಲು ಅತ್ತೆಯ ಹಳೇ ಗುಂಡಿಗಳನ್ನು ಇಟ್ಟುಕೊಂಡು ಆಡುತ್ತೇವೆ. ನೆಟ್ಟು ಹರಿದಿದೆ, ಅತ್ತೆ ಗೊಣಗಿಕೊಂಡು ಹೊಲಿಯುತ್ತಿದ್ದಾರೆ. ಕೆಲವರು ಇನ್ನೂ ಕ್ವಾರಿಗೆ ಹೋಗುತ್ತಾರೆ. ಜಿರಾಫೆ ಹೋಗುವುದಿಲ್ಲ. ಅವನು ಈಗ ಯಾರ ಜೊತೆಯೂ ಜಾಸ್ತಿ ಮಾತಾಡುವುದಿಲ್ಲ. ಬಂದು ಬೆಂಚಿನ ಮೇಲೆ ಕೂರುತ್ತಾನೆ.

ಹೊಸ ಬೋರ್ಡು ಹಾಕಿದ್ದೇವೆ. ಸಮಿತಿ ಹಾಕಿದ್ದಲ್ಲ, ನಾವೇ ಹಳೇ ತಗಡಿನ ಮೇಲೆ ಬಣ್ಣ ಬಳಿದು ಬರೆದದ್ದು. ಏನು ಬರೆಯಬೇಕು ಅಂತ ಎರಡು ಸಂಜೆ ಜಗಳ ಆಯಿತು. ಒಬ್ಬ 'ಇಳಿದರೆ ಸಾಯ್ತೀರಿ' ಅಂತ ಬರೆಯೋಣ ಅಂದ. ಜಿರಾಫೆ ಬೇಡ ಅಂದ. ಕೊನೆಗೆ ಹೀಗೆ ಬರೆದೆವು:

'ಈಜು ಬಂದ್ರೂ ಬರದಿದ್ರೂ ಇಳೀಬೇಡಿ. ಕೆಳಗೆ ತುಂಬಾ ಚಳಿ. ಬನ್ನಿ, ದಡದಲ್ಲಿ ಜಾಗ ಇದೆ.
ಇಂತಿ,
ಬಾರದವರು'

'ಕೆಳಗೆ ತುಂಬಾ ಚಳಿ' ಅನ್ನುವುದು ಜಿರಾಫೆ ಹೇಳಿದ್ದು. ಬೋರ್ಡಿಗೆ ಯಾರಾದರೂ ಸಹಿ ಹಾಕುತ್ತಾರಾ ಅಂತ ಅಧ್ಯಕ್ಷರು ಕೇಳಿದರು. ಹಾಕಿದ್ದೇವೆ. ಯಾರು ಹೇಳುತ್ತಿದ್ದಾರೆ ಅಂತ ಓದುವವರಿಗೆ ಗೊತ್ತಾಗಬೇಕಲ್ಲ.

ಇದು ಆಡುಮಾತು, ವ್ಯಾಕರಣ ಸರಿಯಿಲ್ಲ ಅಂತ ನೀವು ಹೇಳುತ್ತೀರಿ. ತಿದ್ದಬೇಡಿ. ಬಣ್ಣ ಒಣಗಿದೆ.

ಬಾರದವರು ಯಾರು ಯಾರು ಅಂತ ಲೆಕ್ಕ ಹಾಕುವಾಗ ನಾನು ನಿಮ್ಮನ್ನೂ ಸೇರಿಸಿದೆ. ನೀವೂ ಬಾರದವರೇ ಅಲ್ವಾ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅತ್ತೆ ತುಂಬ ದಣಿದಿದ್ದಾರೆ. ಅದನ್ನು ನಿಮಗೆ ಅವರು ಬರೆಯುವುದಿಲ್ಲ, ಬೈಯುತ್ತಾರೆ ಅಷ್ಟೆ.

ಮಗಳು


ಜೂನ್ 15

ಮಗಳೇ,

ಕಾಗದ ತಲುಪಿತು. ಪೆನ್ನು ಕೈಯಲ್ಲಿ ಇಲ್ಲದಾಗ ಓದಿದೆ.

ಬೋರ್ಡು ಹಾಗೇ ಇರಲಿ. ಅದರಲ್ಲಿ ತೆಗೆಯುವಂಥ ಒಂದು ಪದವೂ ನನಗೆ ಸಿಗಲಿಲ್ಲ.

ಬರುವ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಮೂರು ದಿನದ ರಜೆ ಸಿಕ್ಕಿದೆ. ಅಷ್ಟರಲ್ಲಿ ಎಲ್ಲ ಮಾತೂ ಮುಗಿಯುವುದಿಲ್ಲ ಎಂದು ನನಗೆ ಗೊತ್ತು. ಇಬ್ಬರಿಗೆ ಸಾಲುವಂಥ ಕೋಣೆ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಸಿಕ್ಕರೂ ಬರಬೇಕೋ ಬೇಡವೋ ನೀನು ಹೇಳು. ಅತ್ತೆಗೆ ಸಂಜೆ ಕೂರಲು ಒಂದು ಒಳ್ಳೆಯ ಕುರ್ಚಿ ಬೇಕು ಅನ್ನಿಸುತ್ತದೆ, ಬಂದಾಗ ಮೂವರೂ ಹೋಗಿ ನೋಡೋಣ.

ಬಂದ ಮೇಲೆ ಬಾರದವರ ಲೆಕ್ಕದಿಂದ ನನ್ನನ್ನು ತೆಗೆಯಬೇಕಾಗಿಲ್ಲ. ನನಗೆ ಈಜೂ ಬರುವುದಿಲ್ಲ. ನಿನಗೆ ಹೇಳಿರಲಿಲ್ಲ.

ನವೆಂಬರಿನಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. ಅದರಲ್ಲಿ ಅಕ್ಷರ ಯಾವುದೇ ಇರಲಿ, ಉತ್ತರ ಒಂದೇ.

ಅಲ್ಲ.

ಅಪ್ಪ